ಮಾಳವ್ವ ಹಾಕಿದ ನೆನೆಗಂಟು

ಮೊಸಳೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮೂರು ಬೆಟ್ಟಗಳ ಈಚೆಗೆ, ತಾವರೆದುರ್ಗ ಎಂಬ ಒಂದು ರಾಜ್ಯವಿತ್ತು. ಕಾಲಕಾಲಕ್ಕೆ ಮಳೆ, ಕಣಜದ ತುಂಬ ರಾಗಿ, ರಾಜನೂ ಪರವಾಗಿಲ್ಲ ಎನ್ನುವಂಥವನೇ. ಆದರೆ ಆ ರಾಜ್ಯದಲ್ಲಿ ಒಂದು ಮಾತು ಇರಲಿಲ್ಲ. ಏನನ್ನಾದರೂ ಮರೆಯಬಾರದು ಅಂತಿದ್ದರೆ ಜನ ಪಕ್ಕದವರಿಗೆ ಹೇಳುತ್ತಿದ್ದರು: "ನಾಳೆ ನಂಗೆ ಒಸಿ ನೆನಪು ಮಾಡು." ಪಕ್ಕದವರು ನೆನಪು ಮಾಡುತ್ತಿದ್ದರು. ಅಷ್ಟೇ. ಈಗ ನೋಡಿದರೆ ಅಲ್ಲಿ ತೊದಲು ಮಾತಿನ ಕೂಸಿಗೂ 'ನೆನೆಗಂಟು' ಅಂದರೆ ಏನು ಅಂತ ಗೊತ್ತು. ಆ ಮಾತು ಎಲ್ಲಿಂದ ಬಂತು ಅಂತ ಆಸ್ಥಾನದ ಪಂಡಿತರನ್ನು ಕೇಳಿದರೆ ಮೂರು ದಿನ ಕೊರೆಯುತ್ತಾರೆ. ಅವರ ಸಹವಾಸ ಬೇಡ. ನಾನು ಹೇಳುತ್ತೇನೆ, ಕೇಳಿ.

ಆ ರಾಜ್ಯದ ಅಂಚಿನ ಊರಿನಲ್ಲಿ ಹಗ್ಗ ಹೊಸೆಯುವ ಅಕ್ಕತಂಗಿಯರಿದ್ದರು. ಅಕ್ಕ ಮಾಳವ್ವ, ತಂಗಿ ದ್ಯಾವಿ. ಅಪ್ಪ ಅವ್ವ ತೀರಿಕೊಂಡ ಮೇಲೆ ಒಬ್ಬರಿಗೊಬ್ಬರೇ ದಿಕ್ಕು. ಹಗ್ಗದ ಕೆಲಸ ಒಂಟಿ ಕೈಯದಲ್ಲ. ಒಬ್ಬರು ತುದಿಯಲ್ಲಿ ಕೂತು ಕೊಕ್ಕೆ ತಿರುಗಿಸುತ್ತಿರಬೇಕು, ಇನ್ನೊಬ್ಬರು ನಾರು ಕೊಡುತ್ತಾ ಕೊಡುತ್ತಾ ಹಿಂದಕ್ಕೆ ಹೆಜ್ಜೆ ಇಡಬೇಕು. ದ್ಯಾವಿ ತಿರುಗಿಸುತ್ತಿದ್ದಳು, ಮಾಳವ್ವ ನಾರು ಕೊಡುತ್ತಿದ್ದಳು. ಮಾಳವ್ವನ ಕೈ ಎಷ್ಟು ಚುರುಕೋ ತಲೆ ಅಷ್ಟೇ ಮರೆಗುಳಿ. ಒಲೆಯ ಮೇಲಿನ ಹಾಲು ಮರೆಯುತ್ತಿದ್ದಳು, ಸಂತೆಯ ದಿನ ಮರೆಯುತ್ತಿದ್ದಳು, ಒಂದು ಸಲವಂತೂ ಹೆಗಲ ಮೇಲೆ ಹಗ್ಗ ಹಾಕಿಕೊಂಡೇ ಊರೆಲ್ಲ ಹಗ್ಗ ಹುಡುಕಿದ್ದಳು. ಎಲ್ಲವನ್ನೂ ನೆನಪು ಮಾಡುವವಳು ದ್ಯಾವಿ. "ಅಕ್ಕಾ, ಹಾಲು!" "ಅಕ್ಕಾ, ಸಂತೆ!" "ಅಕ್ಕಾ, ಹೆಗಲು ನೋಡ್ಕೋ!"

ಒಂದು ದಿನ ಮಟಮಟ ಮಧ್ಯಾಹ್ನ ದ್ಯಾವಿ ಅಂದಳು, "ಅಕ್ಕಾ, ನಾರು ನೀರಿಗೆ ಹಾಕಿ ಎಷ್ಟು ದಿನ ಆಯ್ತು? ಇವತ್ತು ತೆಗೀದಿದ್ರೆ ಕೊಳೆತು ನಾರ್ತದೆ."

"ಗೊತ್ತು ಕಣೇ."

"ಗೊತ್ತು ಅಂತ ನೆನ್ನೇನೂ ಅಂದೆ, ಮೊನ್ನೇನೂ ಅಂದೆ."

ಮಾಳವ್ವನಿಗೆ ರೇಗಿತು. "ನಿನ್ನ ಕಾಟ ಸಾಕಾಗಿ ಹೋಗದೆ ನಂಗೆ! ಒಂದು ದಿನ ಬಾಯಿ ಮುಚ್ಕೊಂಡಿರು, ನೋಡೋಣ."

ದ್ಯಾವಿ ಬಾಯಿ ಮುಚ್ಚಿಕೊಂಡಳು. ಮುಖ ಊದಿಸಿಕೊಂಡು ಅಂಗಳಕ್ಕೆ ಹೋಗಿ ಕೂತಳು. ಆಗ ಬಂತು ನೋಡಿ ಬೂದಿಬಣ್ಣದ ಸುಂಟರಗಾಳಿ.

ಆ ಗಾಳಿಯೊಳಗೆ ಯಾರಿದ್ದ ಅಂತ ಈಗಲೇ ಹೇಳಿಬಿಡುತ್ತೇನೆ. ಮೂರನೆಯ ಬೆಟ್ಟದ ಆಚೆ ಬೂದಾಳ ಎಂಬ ಮಾಂತ್ರಿಕನಿದ್ದ. ಅವನಿಗೆ ಏಳುನೂರು ವರ್ಷ. ಅಷ್ಟು ವರ್ಷ ಬದುಕಿದ್ದು ಹೇಗೆ ಅಂದರೆ, ಅವನು ಜನರ ನೆನಪನ್ನು ಗಾಣಕ್ಕೆ ಹಾಕಿ ಅರೆದು ಎಣ್ಣೆ ತೆಗೆದು ಕುಡಿಯುತ್ತಿದ್ದ. ಸುಂಟರಗಾಳಿಯಾಗಿ ಬರುತ್ತಿದ್ದ, ಒಬ್ಬರನ್ನು ಎತ್ತಿಕೊಳ್ಳುತ್ತಿದ್ದ, ಉಳಿದವರ ಮೇಲೆ ಮಂಕುಬೂದಿ ಎರಚುತ್ತಿದ್ದ. ಎರಚಿದ ಕೂಡಲೇ ಹೋದವರ ನೆನಪೆಲ್ಲ ಇದ್ದವರ ತಲೆಯಿಂದ ಹೊರಬಂದು ಅವನ ಸೋರೆಬುರುಡೆ ಸೇರುತ್ತಿತ್ತು. ಹಿಡಿದವರನ್ನು ದನ ಮಾಡಿ ಗಾಣಕ್ಕೆ ಕಟ್ಟುತ್ತಿದ್ದ. ಹೆತ್ತವಳು ಅಳುತ್ತಿರಲಿಲ್ಲ, ಕಟ್ಟಿಕೊಂಡವಳು ಹುಡುಕುತ್ತಿರಲಿಲ್ಲ. "ಕೇಳುವವರಿಲ್ಲದ್ದೆಲ್ಲ ನನ್ನದು" ಅನ್ನುವುದು ಅವನ ಮಂತ್ರ. ಹೀಗೆ ತೊಂಬತ್ತೆಂಟು ಜನ ಹೋಗಿದ್ದರು. ತಾವರೆದುರ್ಗದಲ್ಲಿ ಒಬ್ಬರೂ 'ಅಯ್ಯೋ' ಅಂದಿರಲಿಲ್ಲ.

ಮಾಳವ್ವ ಬಾಗಿಲಿಗೆ ಓಡಿ ಬಂದಳು. ಗಾಳಿಯೊಳಗಿಂದ ಒಂದು ಬೂದುಕೈ ಚಾಚಿ ದ್ಯಾವಿಯ ಜಡೆ ಹಿಡಿಯಿತು. "ಅಕ್ಕಾ!" ಅಂದಳು ದ್ಯಾವಿ. ಅಷ್ಟರಲ್ಲಿ ಮಾಳವ್ವನ ಮುಖಕ್ಕೆ ಬೂದಿ ಬಿತ್ತು.

ಒಂದು ಉಸಿರೆಳೆದು ಬಿಡುವಷ್ಟು ಹೊತ್ತು. ಮೊದಲು ತಂಗಿಯ ಮುಖ ಹೋಯಿತು. ಆಮೇಲೆ ದನಿ ಹೋಯಿತು. ಹೆಸರು ನಾಲಗೆಯ ತುದಿಯಲ್ಲಿ ನಿಂತಿತು, ಅದೂ ಜಾರುತ್ತಿತ್ತು. ನೆನಪು ಮಾಡು ಅಂತ ಯಾರಿಗೆ ಹೇಳುವುದು? ನೆನಪು ಮಾಡುವವಳೇ ಹೋಗುತ್ತಿದ್ದಳಲ್ಲ! ಆಗ ಮಾಳವ್ವನ ಕೈ ತಲೆಯನ್ನು ಕೇಳಲಿಲ್ಲ. ತನಗೆ ಬರುವುದನ್ನು ತಾನು ಮಾಡಿತು. ಸೆರಗಿನ ಚುಂಗು ಹಿಡಿದು, ಸುತ್ತಿ, ತೂರಿಸಿ, ಎಳೆದು, ಒಂದು ಗಂಟು ಬಿಗಿಯಿತು.

ಗಾಳಿ ನಿಂತಿತು. ಅಂಗಳದಲ್ಲಿ ಕೋಳಿ ಕೆದಕುತ್ತಿತ್ತು. ನಾನ್ಯಾಕೆ ಇಲ್ಲಿ ನಿಂತಿದ್ದೇನೆ ಅಂದುಕೊಂಡು ಮಾಳವ್ವ ಒಳಗೆ ಹೋದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಯಾರೋ ಕೂಗಬೇಕಾಗಿತ್ತು ಅನ್ನಿಸಿತು ಅವಳಿಗೆ. ಯಾರೂ ಕೂಗಲಿಲ್ಲ. ಪಾತ್ರೆ ಇಳಿಸಲು ಸೆರಗು ಹಿಡಿದಾಗ ಕೈಗೆ ಗಂಟು ತಗುಲಿತು.

"ಇದ್ಯಾಕೆ ಹಾಕಿದೆ ನಾನು?"

ಬಿಚ್ಚಲು ಹೋದಳು. ಬೆರಳು ಬಿಚ್ಚಲಿಲ್ಲ. ಗೋಡೆಗೆ ನೇತುಹಾಕಿದ್ದ ಹೊಸ ಹಗ್ಗ ನೋಡಿದಳು, ನಲವತ್ತು ಮಾರು ಉದ್ದ. ಒಬ್ಬಳೇ ಇದನ್ನು ಹೊಸೆಯಲು ಹೇಗಾಯಿತು? ಕೊಕ್ಕೆ ತಿರುಗಿಸಿದವರು ಯಾರು? ಪಕ್ಕದ ಮನೆಯ ಗೌರತ್ತೆಯನ್ನು ಕೇಳಿದಳು. "ಏನವ್ವ ಹಿಂಗಂತೀಯ? ನೀನು ಮೊದಲಿಂದ ಒಬ್ಬಂಟಿ ಅಲ್ವಾ?" ಅಂದಳು ಗೌರತ್ತೆ. ಅವಳ ತಲೆಗೂದಲಲ್ಲಿ ಬೂದಿಯಿತ್ತು.

ಏನೋ ಮರೆತಿದ್ದೇನೆ, ಏನು ಅಂತ ಗೊತ್ತಿಲ್ಲ, ಆದರೆ ಮರೆತದ್ದು ಸಣ್ಣದಲ್ಲ. ಇಷ್ಟೇ ಮಾಳವ್ವನಿಗೆ ತಿಳಿದದ್ದು. ಒಂದು ಹೊರೆ ನಾರು ಬೆನ್ನಿಗೆ ಕಟ್ಟಿಕೊಂಡು, ಹಗ್ಗ ಹೆಗಲಿಗೆ ಹಾಕಿಕೊಂಡು, ನೆಟ್ಟಗೆ ಅರಮನೆಗೆ ಹೋದಳು.

"ಬುದ್ಧೀ, ಯಾರೋ ಕಾಣೆಯಾಗವ್ರೆ" ಅಂದಳು ರಾಜನಿಗೆ ಕೈಮುಗಿದು.

"ನಮ್ಮ ರಾಜ್ಯದಲ್ಲಿ ಕಾಣೆಯಾದವರು ಒಬ್ಬರೂ ಇಲ್ಲ. ಇದ್ದಿದ್ದರೆ ದೂರು ಬರುತ್ತಿತ್ತು" ಅಂದ ರಾಜ.

"ದೂರು ತಂದಿವ್ನಲ್ಲ ಬುದ್ಧೀ."

"ಯಾರು ಕಾಣೆ?"

"ಗೊತ್ತಿಲ್ಲ."

ಆಸ್ಥಾನವೆಲ್ಲ ಗೊಳ್ಳೆಂದು ನಕ್ಕಿತು. ಮಾಳವ್ವ ನಗಲಿಲ್ಲ. ಅವಳು ಸಿಂಹಾಸನದ ಎಡಗಡೆ ನೋಡುತ್ತಿದ್ದಳು. ಅಲ್ಲಿ ಇನ್ನೊಂದು ಪೀಠವಿತ್ತು. ಅದರ ಮೇಲೆ ಹೂವಿನ ಕಸೂತಿಯ ದಿಂಬು, ದಿಂಬಿನ ಮೇಲೆ ತೆಳ್ಳಗೆ ಬೂದಿ. "ಆ ಪೀಠ ಯಾರ್ದು ಬುದ್ಧೀ?" ಅಂತ ಕೇಳಿದಳು.

ನಗು ನಿಂತಿತು. ರಾಜ ತಿರುಗಿ ನೋಡಿದ. ಅವನ ಎಡಗೈ ತನಗೇ ತಿಳಿಯದಂತೆ ಆ ಪೀಠದ ಹಿಡಿಯ ಮೇಲೆ ಆಡುತ್ತಿತ್ತು. "ಅದು... ಅದು ಮೊದಲಿಂದ ಅಲ್ಲೇ ಇದೆ" ಅಂದ. ಅವನ ಮುಖ ಬಿಳುಪೇರಿತು. "ನನಗೇನೂ ನೆನಪಿಲ್ಲ ತಾಯೀ. ನೆನಪಿಲ್ಲದ್ದನ್ನು ಹುಡುಕಲು ಸೈನ್ಯವನ್ನು ಹೇಗೆ ಕಳಿಸಲಿ?"

"ಬುಡಿ ಬುದ್ಧೀ, ನಾನೇ ಹೋಯ್ತೀನಿ" ಅಂದಳು ಮಾಳವ್ವ. ಪೀಠದಿಂದ ಕಿಟಕಿಗೆ, ಕಿಟಕಿಯಿಂದ ಬಯಲಿಗೆ, ಬಯಲಿನಿಂದ ಬೆಟ್ಟಕ್ಕೆ ಬೂದಿಯ ಗೆರೆ ಹೋಗಿತ್ತು. ಅದನ್ನೇ ಹಿಡಿದು ನಡೆದಳು.

ಮೊದಲ ಬೆಟ್ಟದ ಬುಡದಲ್ಲಿ ಹೊಳೆ. ಹೊಳೆಯಲ್ಲಿ ಬೂದಾಳ ಸಾಕಿದ್ದ ಮೊಸಳೆ. ಅದು ತಲೆಯೆತ್ತಿ ಮೂರು ಮಾತು ಕೇಳಿತು.

"ಎಲ್ಲಿಗೆ?"

"ಬೂದಿ ಎಲ್ಲಿಗೆ ಹೋಗದೋ ಅಲ್ಲಿಗೆ."

"ಯಾರಿಗೋಸ್ಕರ?"

"ಗೊತ್ತಿಲ್ಲ."

"ಅವರ ಹೆಸರೇನು?"

"ಗೊತ್ತಿಲ್ಲ. ಆದ್ರೆ ಗಂಟು ಅದೆ."

ಮೊಸಳೆ ಹಲ್ಲು ಕಿಸಿಯಿತು. "ಹುಚ್ಚಿ! ಯಾರು ಅಂತ ಗೊತ್ತಿಲ್ಲದವರಿಗೆ ಯಾರಾದರೂ ಪ್ರಾಣ ಕೊಡುತ್ತಾರೆಯೇ? ಆ ಗಂಟು ಬಿಚ್ಚು. ಬೆನ್ನ ಮೇಲೆ ಕೂರಿಸಿಕೊಂಡು ಹೊಳೆಗುಂಟ ನಿನ್ನ ಊರಿನ ದಡಕ್ಕೇ ಬಿಡುತ್ತೇನೆ, ಸುಖವಾಗಿರು. ಬಿಚ್ಚದಿದ್ದರೆ ನುಂಗುತ್ತೇನೆ."

ಮೊಸಳೆ ಹೇಳಿದ್ದು ಸುಳ್ಳೂ ಅಲ್ಲವಲ್ಲ, ಯಾರಿಗಾಗಿ ಸಾಯುತ್ತಿದ್ದೇನೆ ಅಂತ ಮಾಳವ್ವನಿಗೇ ಗೊತ್ತಿರಲಿಲ್ಲ. ಆದರೂ ಹೆಗಲ ಹಗ್ಗ ಇಳಿಸಿದಳು. ಒಂದು ತುದಿಯಲ್ಲಿ ಜೀರುಗುಣಿಕೆ ಹಾಕಿದಳು. ಜೀರುಗುಣಿಕೆ ಅಂದರೆ ಎಳೆದಷ್ಟೂ ಬಿಗಿಯುವ ಕುಣಿಕೆ. ಇನ್ನೊಂದು ತುದಿಯನ್ನು ದಡದ ಮತ್ತಿಮರಕ್ಕೆ ಕಟ್ಟಿದಳು. ಕುಣಿಕೆಯನ್ನು ನೀರಿನ ಮೇಲೆ ಹರಡಿ, ಅದರ ನಡುವೆಯೇ ಕಾಲಿಟ್ಟು ನಿಂತಳು.

"ಬಾ, ನುಂಗು" ಅಂದಳು.

ಮೊಸಳೆ ಬಾಣದಂತೆ ಬಂತು. ಬಾಯಿ ಇನ್ನೊಂದು ಗೇಣು ದೂರವಿದ್ದಾಗ ಮಾಳವ್ವ ಪಕ್ಕಕ್ಕೆ ನೆಗೆದು ಹಗ್ಗ ಜಗ್ಗಿದಳು. ಕುಣಿಕೆ ಮೂತಿಗೆ ಬಿತ್ತು. ಮೊಸಳೆ ಒದ್ದಾಡಿತು, ಒದ್ದಾಡಿದಷ್ಟೂ ಬಿಗಿಯಿತು. ನೀರೆಲ್ಲ ಕೆಸರಾಯಿತು. ಕೊನೆಗೆ ಅದು ಸುಸ್ತಾಗಿ ದಡಕ್ಕೆ ಗದ್ದ ಊರಿತು. ಮಾಳವ್ವ ಅದರ ಬೆನ್ನ ಮೇಲೆಯೇ ಹೆಜ್ಜೆಯಿಟ್ಟು ಆಚೆ ದಡಕ್ಕೆ ಹಾರಿದಳು. ಹೆಗಲ ಮೇಲಿನ ಹಗ್ಗ ಹೋಯಿತು, ನಾರಿನ ಹೊರೆ ಮಾತ್ರ ಉಳಿಯಿತು.

ಎರಡನೆಯ ಬೆಟ್ಟದ ಮೇಲೆ ಒಂದು ಮನೆ. ಅಂಗಳಕ್ಕೆ ರಂಗೋಲಿ, ಒಳಗಿಂದ ಬಿಸಿಬಿಸಿ ಮುದ್ದೆ, ಹುರಳಿ ಬಸ್ಸಾರಿನ ವಾಸನೆ. ಬಾಗಿಲಲ್ಲಿ ಬೆಳ್ಳಿಕೂದಲಿನ ಅಜ್ಜಿ ನಿಂತಿದ್ದಳು. ಅವಳೂ ಮೂರು ಮಾತು ಕೇಳಿದಳು, ಬೆಣ್ಣೆಯಂಥ ದನಿಯಲ್ಲಿ.

"ಎಲ್ಲಿಗೆ ಮಗಾ?"

"ಬೂದಿ ಎಲ್ಲಿಗೆ ಹೋಗದೋ ಅಲ್ಲಿಗೆ ಅಜ್ಜೀ."

"ಯಾರಿಗೋಸ್ಕರ?"

"ಗೊತ್ತಿಲ್ಲ."

"ಹೆಸರು?"

"ಗೊತ್ತಿಲ್ಲ. ಗಂಟು ಅದೆ."

"ಅಯ್ಯೋ ನನ್ನ ಕಂದಾ, ಕಾಲೆಲ್ಲ ಬೊಬ್ಬೆ ಬಂದಿದೆಯಲ್ಲ! ಹೋಗುವವಳು ಹೋಗುವೆಯಂತೆ. ಮೊದಲು ನೀರು ಹುಯ್ದುಕೋ. ಈ ಕೊಳಕು ಸೀರೆ ಇತ್ತ ಕೊಡು, ಒಗೆದು ಹಾಕುತ್ತೇನೆ."

ಹುಲಿ ಬಂದಿದ್ದರೆ ಮಾಳವ್ವ ಎದುರು ನಿಲ್ಲುತ್ತಿದ್ದಳು. ಅವ್ವನ ಹಾಗೆ ಮಾತಾಡುವವರ ಎದುರು ಹೇಗೆ ನಿಲ್ಲುವುದು? ಅವಳಿಗೆ ಅಳು ಬಂತು. ಅಜ್ಜಿ ಕೊಟ್ಟ ರೇಷ್ಮೆ ಸೀರೆ ತೆಗೆದುಕೊಂಡು, ತನ್ನ ಸೀರೆ ಅವಳ ಕೈಗೆ ಕೊಟ್ಟು, ಬಚ್ಚಲಿಗೆ ಹೋದಳು. ಅಲ್ಲೇ ಅವಳು ತಪ್ಪಿದ್ದು. ಅಜ್ಜಿ ಹಿತ್ತಲಿಗೆ ಹೋಗಿ, ಕೈಯಲ್ಲಿ ಆಗದ ಗಂಟನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಬಿಚ್ಚಿದಳು.

ಮಾಳವ್ವ ಹೊರಬಂದಾಗ ಅವಳ ಎದೆ ಹಗುರವಾಗಿತ್ತು. ಎಷ್ಟು ದಿನದ ಮೇಲೆ ಇಷ್ಟು ಆರಾಮ! ಮುದ್ದೆ ಉಂಡಳು, ಸಾರು ಸುರಿದುಕೊಂಡು ಉಂಡಳು. "ಇಲ್ಲೇ ಇದ್ದುಬಿಡು ಮಗಾ" ಅಂದಳು ಅಜ್ಜಿ. "ಇರ್ತೀನಿ ಅಜ್ಜೀ" ಅಂದಳು ಮಾಳವ್ವ.

ಕೈ ತೊಳೆಯಲು ಹಿತ್ತಲಿಗೆ ಹೋದಳು. ಬೇಲಿಯ ಮೇಲೆ ಅವಳ ಸೀರೆ ಒಣಗುತ್ತಿತ್ತು. ಸೀರೆಯೆಲ್ಲ ನೆಟ್ಟಗಿತ್ತು, ಸೆರಗಿನ ಮೂಲೆ ಮಾತ್ರ ಮುದುಡಿಕೊಂಡಿತ್ತು. ಹಗ್ಗದವಳ ಕಣ್ಣು ಅದನ್ನು ಸುಮ್ಮನೆ ಬಿಟ್ಟೀತೇ? ಬಟ್ಟೆಯನ್ನು ಬೆಳಕಿಗೆ ಹಿಡಿದಳು. ನೂಲು ಎಲ್ಲೆಲ್ಲಿ ಹಿಂಡಿಕೊಂಡಿದೆ, ಎಲ್ಲಿ ಬಾಗಿದೆ, ಎಲ್ಲಿ ತೂರಿದೆ ಅಂತ ಬೆರಳಿನಲ್ಲಿ ಓದಿದಳು.

"ಇಲ್ಲೊಂದು ಗಂಟಿತ್ತು. ನನ್ನ ಕೈಯದೇ. ಜೀವ ಹೋಗುವಂಗೆ ಬಿಗಿದಿದ್ದೀನಿ." ಅಷ್ಟು ಬಿಗಿಯಾಗಿ ಸುಮ್ಮಸುಮ್ಮನೆ ಯಾರು ಗಂಟು ಹಾಕುತ್ತಾರೆ?

ರೇಷ್ಮೆಯನ್ನು ಬಿಸಾಡಿ, ಒದ್ದೆ ಸೀರೆಯನ್ನೇ ಉಟ್ಟು, ಮುದುಡು ಹೇಳಿದ ದಾರಿಯಲ್ಲೇ ಗಂಟನ್ನು ಮತ್ತೆ ಹಾಕಿದಳು, ಈ ಸಲ ಕಗ್ಗಂಟು. ಅಜ್ಜಿ ಹಿತ್ತಲಿಗೆ ಓಡಿ ಬಂದಳು. "ಬೇಡವೇ! ಗಂಟಿದ್ದರೆ ನಿದ್ದೆಯಿಲ್ಲ, ನೆಮ್ಮದಿಯಿಲ್ಲ!"

"ನೆಮ್ಮದಿ ನೀನೇ ಇಟ್ಕೋ" ಅಂದಳು ಮಾಳವ್ವ.

ಅಜ್ಜಿ ಕಿರುಚಿ ಗೂಬೆಯಾಗಿ ಹಾರಿಹೋದಳು. ಮನೆಯಿದ್ದ ಕಡೆ ಪಾಳುಕಲ್ಲು ಉಳಿಯಿತು.

ಮೂರನೆಯ ಬೆಟ್ಟದ ಆಚೆ ಬೂದಾಳನ ಕೋಟೆ. ಬಾಗಿಲಿಗೆ ಕಾವಲಿರಲಿಲ್ಲ. ಏಳುನೂರು ವರ್ಷದಲ್ಲಿ ಯಾರೂ ಕೇಳಿಕೊಂಡು ಬಂದಿರಲಿಲ್ಲವಲ್ಲ, ಕಾವಲು ಯಾಕೆ? ಒಳಗೆ ದೊಡ್ಡ ಕಲ್ಲುಗಾಣ. ಅದರ ನಡುಗಂಬ ಗಿರಗಿರ ತಿರುಗುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದ ಕಪ್ಪು ದನಗಳು ಸರದಿಯ ಮೇಲೆ ಅದನ್ನು ಸುತ್ತುತ್ತಿದ್ದವು. ಮೂಳೆ ಎದ್ದು ಕಾಣುವ ತೊಂಬತ್ತೊಂಬತ್ತು ದನ. ನೂರನೆಯ ನೊಗ ಖಾಲಿ ನೇತಾಡುತ್ತಿತ್ತು. ಗೋಡೆಯ ಸಾಲಿಗೆ ಸೋರೆಬುರುಡೆಗಳು.

ಬೂದಾಳ ಎಣ್ಣೆಯ ಬಟ್ಟಲು ಕೆಳಗಿಟ್ಟು ಎದ್ದ. ಮೈಯೆಲ್ಲ ಬೂದಿ, ಕಣ್ಣು ಮಾತ್ರ ಕೆಂಡ. "ಎಲ್ಲಿಗೆ ಬಂದೆ?"

"ಇಲ್ಲಿಗೇ."

"ಯಾರಿಗೋಸ್ಕರ?"

"ಗೊತ್ತಿಲ್ಲ."

"ಹೆಸರು?"

"ಗೊತ್ತಿಲ್ಲ. ನನ್ನವರು ಯಾರೋ ಇಲ್ಲಿ ಅವ್ರೆ. ಕೇಳಾಕೆ ಬಂದಿವ್ನಿ."

ಕೇಳಲು ಬಂದವರಿಗೆ ಇಲ್ಲ ಅನ್ನುವ ಹಾಗಿರಲಿಲ್ಲ ಬೂದಾಳ. ಅವನ ಮಂತ್ರವೇ ಅವನನ್ನು ಕಟ್ಟಿಹಾಕಿತ್ತು. ಅವನು ಹಲ್ಲು ಕಡಿದು ಅಂದ, "ಸರಿ. ಹೊತ್ತು ಮುಳುಗುವುದರೊಳಗೆ ಮುಟ್ಟಿ 'ಇದು ನನ್ನದು' ಅನ್ನು, ಕೊಡುತ್ತೇನೆ. ಆದರೆ ಆ ಮಾತು ಸುಳ್ಳಾದರೆ ಆ ಖಾಲಿ ನೊಗ ಹಾರಿ ಬಂದು ನಿನ್ನ ಕತ್ತಿಗೆ ಬೀಳುತ್ತದೆ. ನೂರು ಭರ್ತಿಯಾಗುತ್ತದೆ."

ಮಾಳವ್ವ ಒಂದೊಂದು ದನದ ಮುಂದೆಯೂ ನಿಂತಳು. ಕಣ್ಣಿನ ಬಟ್ಟೆ ಸರಿಸಿ ನೋಡಿದಳು. ಕೆಲವು ಅವಳ ಕೈ ನೆಕ್ಕಿದವು. ಇದೇ ಇರಬಹುದು ಅನ್ನಿಸಿತು. ಆಮೇಲೆ ಮುಂದಿನದೂ ನೆಕ್ಕಿತು. ಎಲ್ಲವಕ್ಕೂ ಉಪ್ಪಿಲ್ಲದೆ ನಾಲಗೆ ಒಣಗಿತ್ತು. ಎಲ್ಲವುಗಳ ಕಣ್ಣಲ್ಲೂ ನೀರಿತ್ತು. ಗಂಟನ್ನು ಹಿಡಿದು ಹಿಂಡಿದಳು. "ಹೇಳು, ಯಾರು? ಯಾರು?" ಗಂಟಿನೊಳಗೆ ಏನಿರುತ್ತದೆ? ಬರೀ ಬಟ್ಟೆ. ಅದು 'ಯಾರೋ ಇದ್ದಾರೆ' ಅನ್ನುತ್ತದೆಯೇ ಹೊರತು ಯಾರು ಅನ್ನುವುದಿಲ್ಲ.

ಹೊತ್ತು ಇಳಿಯುತ್ತಿತ್ತು. ಮಾಳವ್ವ ನೆಲಕ್ಕೆ ಕುಸಿದಳು. ತಲೆ ಚಚ್ಚಿಕೊಂಡು ಅತ್ತಳು. ತಾನು ತಪ್ಪು ಹೇಳಿದರೆ ತನ್ನ ಪಾಡು ಹಾಳಾಗಲಿ, ಆ ಯಾರೋ ಒಬ್ಬರು ಸಾಯುವವರೆಗೂ ಇಲ್ಲೇ ಸುತ್ತಬೇಕು. ಅಕ್ಕಪಕ್ಕದ ದನಗಳನ್ನು ನೋಡಿದಳು. ಇದೂ ಯಾರದೋ ಮನೆಯದು. ಅದೂ ಯಾರದೋ ಮನೆಯದು. ಅವರವರ ಮನೆಯಲ್ಲಿ ಒಂದೊಂದು ಪೀಠ ಖಾಲಿ ಬಿದ್ದಿದೆ, ಯಾಕೆ ಅಂತ ಯಾರಿಗೂ ತಿಳಿಯದು.

ಅಳು ನಿಲ್ಲಿಸಿ ಎದ್ದಳು. ಬೆನ್ನಿನ ನಾರಿನ ಹೊರೆ ಬಿಚ್ಚಿದಳು. ನಾರಿನ ತುದಿಯನ್ನು ತಿರುಗುತ್ತಿದ್ದ ಗಾಣದ ನಡುಗಂಬದ ತಲೆಗೆ ಸಿಕ್ಕಿಸಿ, ನಾರು ಕೊಡುತ್ತಾ ಕೊಡುತ್ತಾ ಹಿಂದಕ್ಕೆ ಹೆಜ್ಜೆಯಿಟ್ಟಳು. ಗಾಣವೇ ಹುರಿ ಹಾಕಿಕೊಟ್ಟಿತು.

ಬೂದಾಳ ಹೊಟ್ಟೆ ಹಿಡಿದು ನಕ್ಕ. "ಹಗ್ಗ ಹೊಸೆದರೆ ನೆನಪು ಬರುತ್ತದೆಯೇ?"

ಮಾಳವ್ವ ಇನ್ನಷ್ಟು ನಾರು ಕೊಟ್ಟಳು. ಅಂಗೈ ಸುಲಿದು ರಕ್ತ ಬಂತು, ನಿಲ್ಲಿಸಲಿಲ್ಲ. ಅವಳು ಹೊಸೆಯುತ್ತಿದ್ದದ್ದು ದಾವಣಿ, ಸಾಲು ದನಗಳನ್ನು ಒಟ್ಟಿಗೆ ಕಟ್ಟುವ ಉದ್ದ ಹಗ್ಗ. ಮಾರಿಗೊಂದು ಕುಣಿಕೆ. ಹೊತ್ತು ಬೆಟ್ಟದ ತಲೆ ಮುಟ್ಟುವಾಗ ಮೊದಲ ದನದ ಕೊರಳಿಗೆ ಕುಣಿಕೆ ಹಾಕುತ್ತಾ ಗಟ್ಟಿಯಾಗಿ ಅಂದಳು, "ಇದನ್ನ ನಾನು ಕೇಳ್ತೀನಿ. ಇದು ನನ್ನದು."

ನೊಗ ಗೂಟದಿಂದ ಎದ್ದಿತು. ಗಾಳಿಯಲ್ಲಿ ತೂಗಾಡಿತು. ಮಾಳವ್ವನ ಕತ್ತಿನ ಮೇಲೆ ಬಂದು ನಿಂತಿತು. ಬೀಳಲಿಲ್ಲ.

ಎರಡನೆಯದಕ್ಕೆ ಕುಣಿಕೆ ಹಾಕಿದಳು. "ಇದನ್ನೂ ನಾನು ಕೇಳ್ತೀನಿ. ಇದೂ ನನ್ನದು."

ನೊಗ ನಡುಗಿತು. ಬೀಳಲಿಲ್ಲ.

"ಏಯ್! ಯಾವುದು ನಿನ್ನದು, ಒಂದು ಹೇಳು!" ಅಂತ ಬೂದಾಳ ಅರಚಿದ.

"ಯಾವ್ದು ಅಂತ ನಂಗೆ ನೆನಪಿಲ್ಲದಂಗೆ ಮಾಡಿದವ್ನು ನೀನೇ ಅಲ್ವಾ? ಹಂಗಾದ್ಮೇಲೆ ಇಷ್ಟೂ ನನ್ನವೇ."

ಮೂರು, ಹತ್ತು, ಐವತ್ತು. ಒಂದೊಂದಕ್ಕೂ ಅದೇ ಮಾತು, ಒಂದೊಂದು ಸಲವೂ ನೊಗ ಕತ್ತಿನ ಮೇಲೆ. ಕೇಳುವವರಿಲ್ಲದ್ದು ಬೂದಾಳನದಾದರೆ ಕೇಳಿದ್ದು ಕೇಳಿದವಳದೇ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೆ ನೊಗಕ್ಕೆ ಬೀಳಲಾಗಲಿಲ್ಲ. ತೊಂಬತ್ತೆಂಟಕ್ಕೆ ನಾರು ಮುಗಿಯಿತು. ಕೊನೆಯಲ್ಲಿ ಒಂದು ಮುದಿ ಎತ್ತು ಕುಂಟಿಕೊಂಡು ನಿಂತಿತ್ತು. ಸೂರ್ಯ ಒಂದು ಎಳೆಯಷ್ಟು ಉಳಿದಿದ್ದ.

"ಬಿಡು, ಅದು ಕೆಲಸಕ್ಕೆ ಬಾರದ್ದು" ಅಂದ ಬೂದಾಳ ಆಸೆಯಿಂದ.

ಮಾಳವ್ವ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಗಂಟಿನ ಸಮೇತ ಹರಿದಳು. ಅದನ್ನೇ ಕುಣಿಕೆ ಮಾಡಿ ಎತ್ತಿನ ಕೊರಳಿಗೆ ಕಟ್ಟಿ ದಾವಣಿಗೆ ಸೇರಿಸಿದಳು. "ಇದನ್ನೂ ಕೇಳ್ತೀನಿ. ಇದೂ ನನ್ನದು."

ಬೂದಾಳ ಎರಡೂ ಕೈಯಲ್ಲಿ ಮಂಕುಬೂದಿ ಬಾಚಿ ಅವಳ ಮುಖಕ್ಕೆ ಎರಚಿದ. ಇದ್ದಬದ್ದ ಬೂದಿಯನ್ನೆಲ್ಲ ಎರಚಿದ. ಮಾಳವ್ವ ಯಾಕೆ ಬಂದೆ ಅನ್ನುವುದನ್ನು ಮರೆತಳು. ಊರು ಮರೆತಳು. ತನ್ನ ಹೆಸರನ್ನೂ ಮರೆತಳು. ಕಣ್ಣು ಬಿಟ್ಟು ನೋಡಿದರೆ ಎಲ್ಲಿದ್ದೇನೆ, ಯಾರು ಇವನು, ಒಂದೂ ತಿಳಿಯದು. ಆದರೆ ಕೈಯಲ್ಲಿ ಹಗ್ಗವಿತ್ತು. ಹಗ್ಗದ ಒಂದು ಬದಿಯಲ್ಲಿ ತೊಂಬತ್ತೊಂಬತ್ತು ಜೀವ ಇದ್ದವು. ಇನ್ನೊಂದು ತುದಿ ಗಾಣದ ನಡುಗಂಬಕ್ಕೆ ಸಿಕ್ಕಿಕೊಂಡಿತ್ತು. ಇಷ್ಟು ಕುಣಿಕೆ ಹಾಕಿದವರು ಸುಮ್ಮನೆ ಹಾಕಿರಲಾರರು ಅಂದುಕೊಂಡಳು. ಹಗ್ಗ ಕೈಯಲ್ಲಿದ್ದರೆ ಎಳೆಯಬೇಕು.

"ಹೋಯ್!" ಅಂದು ಎಳೆದಳು.

ತೊಂಬತ್ತೊಂಬತ್ತೂ ಒಟ್ಟಿಗೆ ಎಳೆದವು. ಹಗ್ಗ ಕಿರಗುಟ್ಟಿತು. ಗಾಣ ಅಲ್ಲಾಡಿತು, ವಾಲಿತು, ನಡುಗಂಬ ಬುಡಸಮೇತ ಕಿತ್ತು ಗೋಡೆಯ ಮೇಲೆ ಬಿತ್ತು. ಬುರುಡೆಗಳೆಲ್ಲ ಒಡೆದವು. ನೊಗ ಗಿರ್ರನೆ ತಿರುಗಿ ಬೂದಾಳನ ಕತ್ತಿಗೇ ಬಿತ್ತು. ಏಳುನೂರು ವರ್ಷವೂ ಒಟ್ಟಿಗೆ ಅವನ ಮೇಲೆ ಬಂದವು. ನೋಡುತ್ತಿದ್ದಂತೆಯೇ ಅವನು ಒಂದು ಹಿಡಿ ಬೂದಿಯಾದ. ಆ ಬೂದಿಯನ್ನೂ ಗಾಳಿ ಹೊತ್ತುಕೊಂಡು ಹೋಯಿತು.

ದನಗಳಿದ್ದ ಕಡೆ ಜನ ನಿಂತಿದ್ದರು. ಕೊರಳಲ್ಲಿ ನಾರಿನ ಕುಣಿಕೆ, ಕಣ್ಣುಜ್ಜಿಕೊಳ್ಳುತ್ತಿದ್ದರು. ಮಾಳವ್ವ ಪಿಳಿಪಿಳಿ ನೋಡುತ್ತಿದ್ದಳು. ಸಾಲಿನ ನಡುವಿನಿಂದ ಒಬ್ಬ ಹುಡುಗಿ ಬಿರುಸಾಗಿ ಬಂದು ಅವಳ ಅಂಗೈ ತಿರುಗಿಸಿ ನೋಡಿದಳು. "ಅಕ್ಕಾ! ಏನಿದು ರಕ್ತ! ಕೈಗೆ ಬಟ್ಟೆ ಸುತ್ಕೊಂಡು ಹೊಸಿ ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು?"

"ದ್ಯಾವೀ" ಅಂದಳು ಮಾಳವ್ವ. ಅಂದ ಮೇಲೆ ಗೊತ್ತಾಯಿತು ಅದು ತಂಗಿಯ ಹೆಸರು ಅಂತ. ತಬ್ಬಿಕೊಂಡು ಇಬ್ಬರೂ ಜೋರಾಗಿ ಅತ್ತರು. "ಬೈಯ್ಯಿ ಕಣೇ, ಇನ್ನೂ ಬೈಯ್ಯಿ" ಅಂದಳು ಮಾಳವ್ವ.

ದಾರಿಯಲ್ಲಿ ಮೊಸಳೆಯ ಮೂತಿ ಬಿಚ್ಚಿದರು. ಅದಕ್ಕೆ ಬುದ್ಧಿ ಬಂದಿತ್ತು, ಎಲ್ಲರನ್ನೂ ದಾಟಿಸಿತು. ತಾವರೆದುರ್ಗದ ಹೆಬ್ಬಾಗಿಲಿನಲ್ಲಿ ಊರಿಗೆ ಊರೇ ಅಳುತ್ತಾ ನಿಂತಿತ್ತು. ನೆನಪೆಲ್ಲ ಒಟ್ಟಿಗೆ ಬಂದು ಎರಗಿತ್ತು ನೋಡಿ. ರಾಜ ಕಿರೀಟವಿಲ್ಲದೆ ಓಡಿ ಬಂದು ರಾಣಿಯ ಕೈ ಹಿಡಿದ. ರಾಣಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಅಂತೂ ಮರೆತಿದ್ದಿರಿ" ಅಂದಳು. ರಾಜ ಎಲ್ಲರ ಮುಂದೆ ತಲೆ ತಗ್ಗಿಸಿದ.

ಅವತ್ತೇ ತಾವರೆದುರ್ಗದ ಜನ ಸೆರಗಿಗೆ, ಪಂಚೆಗೆ, ರುಮಾಲಿಗೆ ಗಂಟು ಹಾಕಲು ಕಲಿತರು. ಯಾರೋ ಅದನ್ನು ನೆನೆಗಂಟು ಅಂದರು, ಮಾತು ನಿಂತಿತು. ಬೇರೆ ನಾಡಿನವರು "ಹಾಗಂದರೆ ಏನು?" ಅಂತ ಕೇಳಿದರೆ ಅಲ್ಲಿನವರು, "ಯಾರನ್ನೋ ಕೇಳುವುದು ಬಾಕಿ ಇದೆ ಅಂತ ಅರ್ಥ" ಅನ್ನುತ್ತಾರೆ.

ಒಬ್ಬೊಬ್ಬರನ್ನೂ ಅವರವರ ಮನೆಯವರು ಹುಡುಕಿ ಕರೆದುಕೊಂಡು ಹೋದರು. ಹೆಬ್ಬಾಗಿಲು ಖಾಲಿಯಾಯಿತು. ಕಟ್ಟೆಯ ಮೇಲೆ ಒಬ್ಬ ಮುದುಕ ಮಾತ್ರ ಉಳಿದ, ಕೊರಳಲ್ಲಿ ಸೀರೆಯ ಚೂರು. ಅವನನ್ನು ಬೂದಾಳ ಹಿಡಿದು ಎಷ್ಟು ಕಾಲವಾಗಿತ್ತೆಂದರೆ ಅವನ ಮನೆಯವರಿರಲಿ, ಅವನ ಊರೇ ಈಗ ಇರಲಿಲ್ಲ.

"ನನ್ನನ್ನ ಕೇಳೋರು ಯಾರೂ ಉಳಿದಿಲ್ಲ ಕಣವ್ವ" ಅಂದ. "ನೀವು ಹೋಗಿ."

"ಅದೆಂಗಾಯ್ತದೆ ತಾತಾ?" ಅಂದಳು ಮಾಳವ್ವ. "ನಾನು ಆಗ್ಲೇ ಕೇಳಿವ್ನಲ್ಲ. ಏಳು, ಹೊತ್ತಾಯ್ತು."

ದ್ಯಾವಿ ಅವನ ಇನ್ನೊಂದು ಕೈ ಹಿಡಿದುಕೊಂಡಳು. ಮುದುಕ ಕೂಸಿನ ಹಾಗೆ ಗಟ್ಟಿಯಾಗಿ ಅತ್ತುಬಿಟ್ಟ. ಮೂವರೂ ಮನೆಗೆ ಹೋದರು, ಮುದ್ದೆ ತಿರುವಿದರು, ಒಟ್ಟಿಗೆ ಕೂತು ಉಂಡರು. ಅವರು ಅಲ್ಲಿ ಬಹಳ ಕಾಲ ಚೆನ್ನಾಗಿ ಬಾಳಿದರು. ಇಲ್ಲಿ ಕತೆ ಕೇಳಿದ ನೀವು, ಮನೆಯವರೆಲ್ಲ ಬಂದರೇ ಅಂತ ಒಂದು ಸಲ ನೋಡಿಕೊಂಡು ಆಮೇಲೆ ಊಟಕ್ಕೆ ಕೂರಿ.